ಪ್ರತಿನಿಧಿಗೌಡರ ಗಾಡಿಯಲ್ಲಿ ಕೆಂಪಮ್ಮನಿಗೆ ಜಾಗವಿರಲಿಲ್ಲ

ಡಾಕ್ಟರು ವರದಿಯನ್ನು ಮೇಜಿನ ಮೇಲಿಟ್ಟು, "ಇದು ಸ್ತನದ ಕ್ಯಾನ್ಸರ್. ಆದರೆ ಬೇಗ ಬಂದಿದ್ದೀರಿ, ಗುಣಪಡಿಸಬಹುದು" ಅಂದರು. ನಾನು ಇನ್ನೂ ಮೊದಲನೆಯ ಮಾತಿನಲ್ಲೇ ನಿಂತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಗಂಡ ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಕೇಳಿದರು: "ಮೇಡಂ, ಇದು ಹೊರಗಡೆ ಯಾರಿಗೂ ಗೊತ್ತಾಗಲ್ಲ ತಾನೆ?"

ಡಾಕ್ಟರು ಅವರ ಮುಖವನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿ, "ನಿಮಗೇನಾದರೂ ಕೇಳೋದಿದೆಯಾ?" ಅಂದರು. ಆಕೆಗೆ ಒಳ್ಳೆಯದಾಗಲಿ. ಆ ದಿನ ನನ್ನನ್ನು ಒಂದು ಜೀವ ಅಂತ ಕಂಡವರು ಅವರೊಬ್ಬರೇ.

ಈಗ ನನ್ನ ಚಿಕಿತ್ಸೆ ಮುಗಿದಿದೆ. ಕೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರಾಗಿ. ಆಗಾಗ ಪರೀಕ್ಷೆಗೆ ಹೋಗಿಬರುತ್ತೇನೆ, ಶಾಲೆಗೂ ಹೋಗುತ್ತಿದ್ದೇನೆ. ಇಂಥ ಕಾಯಿಲೆಯಿಂದ ಎದ್ದುಬಂದವರು ಧೈರ್ಯದ ಬಗ್ಗೆ ಹೇಳುತ್ತಾರೆ, ದೇವರು ದೊಡ್ಡವನು ಅನ್ನುತ್ತಾರೆ. ನನಗೆ ಅಷ್ಟು ಧೈರ್ಯವೇನೂ ಇರಲಿಲ್ಲ. ಸಿಟ್ಟಿತ್ತು. ಆ ಸಿಟ್ಟಿನ ಕಥೆಯನ್ನೇ ಹೇಳುತ್ತೇನೆ, ಯಾಕೆಂದರೆ ಇದನ್ನು ಓದುವ ಯಾವಳೋ ಒಬ್ಬಳು ಈಗ ಸೆರಗಿನೊಳಗೆ ಕೈ ಇಟ್ಟುಕೊಂಡು, ಯಾರಿಗೆ ಹೇಳಲಿ ಅಂತ ಯೋಚಿಸುತ್ತಾ ಕೂತಿರಬಹುದು.

ನಾನು ಸವಿತಾ. ಮದ್ದೂರಿನ ಹುಡುಗಿ. ಮಳವಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರು. ನನ್ನ ಗಂಡ ರಾಜಣ್ಣ ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತರು. ನಾವಿರುವುದು ಮಳವಳ್ಳಿ ಪೇಟೆಯಲ್ಲಾದರೂ ಗಂಡನ ಮನೆ ಪೂರಿಗಾಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿದೆ. ಅದಕ್ಕೆ 'ಪ್ರತಿನಿಧಿ ಮನೆ' ಅಂತಲೇ ಹೆಸರು. ಯಾಕೆಂದರೆ ಹಿಂದೆ ಮಹಾರಾಜರ ಕಾಲದಲ್ಲಿ, ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಗೆ ಈ ಮನೆಯ ಯಜಮಾನರೊಬ್ಬರು ಹೋಗುತ್ತಿದ್ದರು. ನನ್ನ ಗಂಡನ ಮುತ್ತಾತನಿಗೂ ಹಿಂದಿನವರು. ಅವರ ನಿಜವಾದ ಹೆಸರು ಊರಿನವರಿಗೆ ಮರೆತೇಹೋಗಿದೆ. ಎಲ್ಲರಿಗೂ ಅವರು ಪ್ರತಿನಿಧಿಗೌಡರು.

ಪಡಸಾಲೆಯಲ್ಲಿ ಅವರದೊಂದು ದೊಡ್ಡ ಪಟವಿದೆ. ಪೇಟ, ಕರಿ ಕೋಟು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ನಾನು ಮದುವೆಯಾಗಿ ಬಂದ ದಿನ ಆ ಪಟಕ್ಕೆ ಕೈಮುಗಿಸಿ ಕಥೆ ಹೇಳಿದ್ದರು. ಅವರ ಹೆಂಡತಿ ಯಾವುದೋ ಜ್ವರದಲ್ಲಿ ತೀರಿಕೊಂಡರಂತೆ. ಆ ದುಃಖದಲ್ಲಿ ಗೌಡರು ಸಭೆಯಲ್ಲಿ ಎದ್ದುನಿಂತು, 'ನಮ್ಮ ಕಡೆಯ ಹೆಂಗಸರಿಗೆ ಒಂದು ಆಸ್ಪತ್ರೆ ಕೊಡಿ' ಅಂತ ಕೇಳಿದರಂತೆ. ಹೆಂಡತಿಯ ಪಟ ಎಲ್ಲಿ ಅಂತ ನಾನು ಕೇಳಿದ್ದೆ. ಇಲ್ಲ ಅಂದರು. ಹೆಸರೇನು ಅಂತ ಕೇಳಿದ್ದೆ. ದೊಡ್ಡವ್ವ ಅಂದರು. ಅದು ಹೆಸರಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಗಂಟು ನನ್ನ ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. ಎಡಗಡೆ, ಹುಣಸೆ ಬೀಜದಷ್ಟು. ನೋವಿರಲಿಲ್ಲ. ಮಳವಳ್ಳಿಯಲ್ಲಿ ತೋರಿಸಿದೆ, ಅವರು ಮಂಡ್ಯಕ್ಕೆ ಹೋಗಿ ಅಂದರು. ಮಂಡ್ಯದ ಆಸ್ಪತ್ರೆಯಲ್ಲಿ ಸೂಜಿ ಹಾಕಿ ತುಣುಕು ತೆಗೆದರು. ಆ ಹಜಾರದ ಕಬ್ಬಿಣದ ಬೆಂಚುಗಳನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಅಲ್ಲಿ ಹೆಂಗಸರೆಲ್ಲಾ ಸುಮ್ಮನೆ ಕೂತಿರುತ್ತಿದ್ದರು, ಮಾತಾಡುತ್ತಿದ್ದವರು ಅವರ ಗಂಡಂದಿರು. ನರ್ಸ್ ಬಂದು, "ಏನಮ್ಮಾ, ನೋವಿದೆಯಾ?" ಅಂತ ಕೇಳಿದರೆ, "ಇಲ್ಲ ಮೇಡಂ, ಅಂಥಾ ನೋವಿಲ್ಲ" ಅಂತ ಗಂಡ ಹೇಳುತ್ತಿದ್ದ. ಅವನ ಎದೆಯಲ್ಲಿ ನೋವಿಲ್ಲ ಅನ್ನುವುದೇನೋ ನಿಜ.

ವರದಿ ಬಂದ ಮಾರನೆಯ ದಿನವೇ ಹಳ್ಳಿಯ ಮನೆಯಲ್ಲಿ ಪಂಚಾಯ್ತಿ. ನನ್ನ ಗಂಡ ಹೊರಗೆ ಯಾರಿಗೂ ಹೇಳಬಾರದು ಅಂದುಕೊಂಡವರು ಅಣ್ಣನಿಗೆ ಮಾತ್ರ ಹೇಳಿಬಿಟ್ಟಿದ್ದರು. ನನ್ನ ಬಾವ ಬಸವರಾಜು ನಮ್ಮ ಕಡೆ ಸಣ್ಣಪುಟ್ಟ ನಾಯಕ. ಬರುವ ಚುನಾವಣೆಗೆ ಟಿಕೆಟ್ಟಿನ ಆಸೆಯಲ್ಲಿದ್ದರು. ಅದಕ್ಕಾಗಿಯೇ ಊರಿನ ವೃತ್ತದಲ್ಲಿ ಪ್ರತಿನಿಧಿಗೌಡರ ಪ್ರತಿಮೆ ನಿಲ್ಲಿಸುವ ಏರ್ಪಾಡು ನಡೆಸಿದ್ದರು. ಅದರ ಜೊತೆಗೆ ಅವರ ಮಗಳು ಚಂದನಾಗೆ ಮಂಡ್ಯದ ಒಂದು ಕಡೆಯಿಂದ ಸಂಬಂಧ ಬಂದಿತ್ತು.

ಬಾವ ನನ್ನ ಕಡೆ ನೋಡಲಿಲ್ಲ. ತಮ್ಮನ ಹತ್ತಿರವೇ ಮಾತಾಡಿದರು. "ನೋಡ್ಲಾ ರಾಜ, ಆಪರೇಸನ್ ಬ್ಯಾಡ ಅಂತ ನಾನು ಅಂತಿಲ್ಲ. ಒಸಿ ತಡ್ಕೊಳ್ಳಿ ಅಂತೀನಿ. ಪ್ರತಿಮೆ ಕೆಲ್ಸ ಮುಗೀಲಿ. ಹುಡ್ಗೀದು ನಿಸ್ಚಿತಾರ್ತ ಮುಗೀಲಿ. ಈ ಮನೇಲಿ ಕ್ಯಾನ್ಸರ್ ಐತೆ ಅಂತ ಗೊತ್ತಾದ್ರೆ ಯಾವನ್ಲಾ ಬಂದು ನಮ್ಮನೆ ಹೆಣ್ ತಗಾತಾನೆ?"

"ಡಾಕ್ಟರು ತಡ ಮಾಡಬೇಡಿ ಅಂದಿದ್ದಾರೆ" ಅಂದೆ ನಾನು.

"ಡಾಕ್ಟ್ರುಗಳು ಅಂಗೇ ಎದುರ್ಸೋದು ಕಣಮ್ಮ" ಅಂದರು ಬಾವ. "ಅಲ್ಲೀಗಂಟ ಒಳ್ಳೇ ನಾಟಿ ಔಸ್ದಿ ಕೊಡೋನು ಒಬ್ಬ ಅವ್ನೆ. ಗಂಟು ಕರಗಿಸ್ಬುಡ್ತಾನೆ. ಕರಗಿಲ್ಲ ಅಂದ್ರೆ ಆಪರೇಸನ್ ಎಲ್ಲೋಯ್ತದೆ?"

ನಾನು ಗಂಡನ ಕಡೆ ನೋಡಿದೆ. ಅವರು ಚಾಪೆಯ ಅಂಚನ್ನು ಬೆರಳಲ್ಲಿ ಕೀಳುತ್ತಾ ಕೂತಿದ್ದರು. ನನ್ನ ವಾರಗಿತ್ತಿ, ಅಂದರೆ ಬಾವನ ಹೆಂಡತಿ, ಕಾಫಿ ತಂದಿಟ್ಟು ಒಳಗೆ ಹೋದಳು. ನಾನು ಆ ಪಡಸಾಲೆಯಲ್ಲಿ ಕೂತಿದ್ದೆ, ನನ್ನ ಎದೆಯ ವಿಷಯವನ್ನು ಇಬ್ಬರು ಗಂಡಸರು ಗದ್ದೆಗೆ ನೀರು ಬಿಡುವ ಸರದಿ ಮಾತಾಡಿದಂತೆ ಮಾತಾಡಿ ಮುಗಿಸಿದರು. ಎದ್ದು ಹಿತ್ತಿಲಿಗೆ ಹೋದೆ.

ಹಿತ್ತಿಲಿನಲ್ಲಿ ಪುಟ್ಟಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ಪುಟ್ಟಜ್ಜಿ ನನ್ನ ಗಂಡನ ಅಜ್ಜಿ, ನನ್ನ ಮಾವನ ತಾಯಿ. ಮಾವ ತೀರಿಹೋಗಿ ಬಹಳ ಕಾಲವಾಯಿತು, ಅಜ್ಜಿ ಇನ್ನೂ ಗಟ್ಟಿ. ತೊಂಬತ್ತರ ಹತ್ತಿರದವರು. ಕಣ್ಣು ಮಂಜಾದರೂ ಕಿವಿ ಚೆನ್ನಾಗಿದೆ. ಒಳಗಿನ ಮಾತೆಲ್ಲಾ ಅವರಿಗೆ ಕೇಳಿಸಿತ್ತು.

"ಕುಂತ್ಕೊ" ಅಂದರು. ಕೂತೆ. "ಎಷ್ಟ್ ದಪ್ಪ ಐತೆ?"

ಬೆರಳಿನಲ್ಲಿ ತೋರಿಸಿದೆ. ಕಾಣದು ಅಂತ ನೆನಪಾಗಿ, "ಹುಣಸೆ ಬೀಜದಷ್ಟು" ಅಂದೆ.

ಅಜ್ಜಿಯ ಕೈ ನಿಂತಿತು. "ಅವ್ಳಿಗೂ ಅಷ್ಟೇ ಇತ್ತಂತೆ ಮೊದ್ಲು" ಅಂದರು.

"ಯಾರಿಗೆ?"

"ಕೆಂಪಮ್ಮಂಗೆ. ಪಟದಾಗವ್ನಲ್ಲ, ಪ್ರತಿನಿಧಿಗೌಡ, ಅವ್ನೆಂಡ್ತಿಗೆ."

ಮದುವೆಯಾಗಿ ಅಷ್ಟು ವರ್ಷದ ಮೇಲೆ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿಗೆ ಅದು ಗೊತ್ತಾದದ್ದು ಹೇಗೆ ಅಂದರೆ, ಅಜ್ಜಿ ಈ ಮನೆಗೆ ಮದುವಣಗಿತ್ತಿಯಾಗಿ ಬಂದಾಗ ಅವರ ಗಂಡನ ಅಜ್ಜಿ ನಂಜಮ್ಮ ಇನ್ನೂ ಬದುಕಿದ್ದರು. ಆ ನಂಜಮ್ಮ ಬೇರೆ ಯಾರೂ ಅಲ್ಲ, ಪ್ರತಿನಿಧಿಗೌಡರ ಸೊಸೆ. ಸಣ್ಣ ಹುಡುಗಿಯಾಗಿದ್ದಾಗಲೇ ಮದುವೆಯಾಗಿ ಬಂದು, ಅತ್ತೆ ಕೆಂಪಮ್ಮನ ಕೊನೆಗಾಲದಲ್ಲಿ ಆರೈಕೆ ಮಾಡಿದವರು. ಕಣ್ಣಾರೆ ಕಂಡದ್ದನ್ನು ನಂಜಮ್ಮ ಪುಟ್ಟಜ್ಜಿಗೆ ಹೇಳಿದ್ದರು.

"ಜ್ವರ ಬಂದು ಸತ್ಲು ಅಂತಾರಲ್ಲ, ಸುಳ್ಳು ಕಣವ್ವ. ಎದೇಲಿ ಗಂಟಾಗಿತ್ತು. ಯಾರ್ಗೂ ಯೋಳ್ನಿಲ್ಲ. ಆಮ್ಯಾಕೆ ಅಡ್ಕೆ ಗಾತ್ರ ಆಯ್ತು, ನಿಂಬೆಅಣ್ಣಿನ ಗಾತ್ರ ಆಯ್ತು, ಒಡೀತು. ನಾತ ಬಂತು. ಪ್ರತಿನಿಧಿ ಮನೆ ಅಲ್ವಾ, ದಿನಾ ದೊಡ್ಡೋರು ಬರೋರು, ಅಮಲ್ದಾರ್ರು ಬರೋರು. ಅದ್ಕೆ ಅವ್ಳ್ನ ಕೊಟ್ಗೆ ಪಕ್ಕದ್ ಕ್ವಾಣೆಗೆ ಆಕುದ್ರು. ಸಾಂಬ್ರಾಣಿ ಹೊಗೆ ಆಕ್ತಾನೇ ಇರೋರಂತೆ. ಗೌಡ್ತಿ ಎಲ್ಲಿ ಅಂತ ಕೇಳುದ್ರೆ, ವ್ರತದಲ್ಲವ್ಳೆ ಅನ್ನೋರು."

ಆ ಕೋಣೆ ಈಗಲೂ ಇದೆ. ಅಲ್ಲಿ ಬಾವನ ಪ್ರಚಾರದ ಫ್ಲೆಕ್ಸುಗಳನ್ನು ಸುತ್ತಿಟ್ಟಿದ್ದಾರೆ.

"ಆಗ ಮೈಸೂರಲ್ಲಿ ಹೆಂಗುಸ್ರನ್ನೇ ನೋಡೋ ದೊರೆಸಾನಿ ಡಾಕ್ಟ್ರು ಒಬ್ಳು ಅವ್ಳೆ ಅಂತ ಯಾರೋ ಬಳೆಗಾರ್ತಿ ಬಂದು ಯೋಳುದ್ಲಂತೆ. ದಸ್ರಾ ಬಂತು. ಗೌಡ ಸಭೆಗೆ ಒಂಟ. ಎತ್ತಿನ್ ಗಾಡಿ, ಮ್ಯಾಲೆ ಕಮಾನು, ಒಳ್ಗೆ ಜಮಖಾನ. ಕೆಂಪಮ್ಮ ಗ್ವಾಡೆ ಇಡ್ಕೊಂಡು ಎದ್ದು ಬಂದು ಕೇಳುದ್ಲಂತೆ. ಗಾಡೀಲಿ ನಂಗೂ ಒಸಿ ಜಾಗ ಕೊಡಿ, ಆ ಡಾಕ್ಟ್ರಮ್ಮಂಗೆ ತೋರುಸ್ಬುಡಿ ಅಂತ."

"ಏನಂದರು?"

"ಏನಂದಾನು? ಪ್ರತಿನಿಧಿ ಎಂಡ್ತಿ ಕಂಡೋರ್ ಮುಂದೆ ಎದೆ ಬಿಚ್ಚಿ ತೋರ್ಸುದ್ಲು ಅಂದ್ರೆ ನಾನ್ ಸಭೇಲಿ ತಲೆ ಎತ್ತಾಕಾಯ್ತದಾ ಅಂದ. ಓಗಿ ಬತ್ತೀನಿ ಇರು ಅಂದ. ಓದ. ಅಲ್ಲಿ ನಿಂತ್ಕೊಂಡು, ನಮ್ಮ್ ಕಡೆ ಹೆಂಗುಸ್ರು ಸಾಯ್ತಾವ್ರೆ, ಒಂದ್ ಆಸ್ಪತ್ರೆ ಮಾಡ್ಸಿ ಮಾಸ್ವಾಮಿ ಅಂತ ಕೇಳುದ್ನಂತೆ. ಎಲ್ರೂ ಭೇಷ್ ಅಂದ್ರಂತೆ. ಊರ್ಗೆ ವಾಪಸ್ ಬಂದಾಗ ತಮ್ಟೆ ಬಡ್ಕೊಂಡು ಕರ್ಕೊಂಡ್ ಬಂದ್ರು. ಆ ಕ್ವಾಣೆ ಕಿಟ್ಕೀಲಿ ಕೆಂಪಮ್ಮಂಗೆ ತಮ್ಟೆ ಕೇಳುಸ್ತು. ಸಮಾಚಾರ ಕೇಳುದ್ಲು. ನಂಜಮ್ಮ ಯೋಳುದ್ರು. ಆಗ ಕೆಂಪಮ್ಮ ಅಂದ್ಲಂತೆ, 'ಊರ್ ಹೆಂಗುಸ್ರಿಗೆಲ್ಲಾ ಆಸ್ಪತ್ರೆ ಕೇಳುದ್ನಂತಾ? ನನ್ನೊಬ್ಳುನ್ನ ಗಾಡಿಗೆ ಅತ್ತುಸ್ಕೊಳ್ಳಾಕೆ ಅವ್ನ್ಗೇನ್ ಧಾಡಿ ಬಂದಿತ್ತು?'"

ಕೆಂಪಮ್ಮ ಸಂಕ್ರಾಂತಿ ಕಾಣಲಿಲ್ಲವಂತೆ. ಆಸ್ಪತ್ರೆ ಬೇಕೆಂದು ಗಂಡ ಕೇಳಿದಾಗ ಆಕೆ ಬದುಕಿದ್ದಳು. ಸತ್ತ ಹೆಂಡತಿಯ ನೆನಪಿಗೆ ಕೇಳಿದರು ಅನ್ನುವುದು ಆಮೇಲೆ ಕಟ್ಟಿದ ಕಥೆ.

ನಾನು ಮಕ್ಕಳಿಗೆ ಪಾಠ ಮಾಡುವಾಗ ಅದೇ ಸಭೆಯ ಬಗ್ಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಮನೆಯವರೇ ಒಬ್ಬರು ಅಲ್ಲಿಗೆ ಹೋಗುತ್ತಿದ್ದರು ಅಂತ ಹೆಮ್ಮೆಯಿಂದ ಹೇಳಿದ್ದೂ ಇದೆ. ಮೈಯೆಲ್ಲಾ ಉರಿಯಿತು.

ಅಜ್ಜಿ ಇನ್ನೂ ಮುಗಿಸಿರಲಿಲ್ಲ. "ಸರೋಜನೂ ಅಂಗೇ ಓಗಿದ್ದು" ಅಂದರು.

ಸರೋಜ ಅಜ್ಜಿಯ ಮಗಳು, ನನ್ನ ಗಂಡ ಮತ್ತು ಬಾವನಿಗೆ ಸೋದರತ್ತೆ. ನಾನು ಬರುವ ಮೊದಲೇ ತೀರಿಕೊಂಡಿದ್ದವರು. ಟೈಫಾಯ್ಡ್ ಅಂತ ನಮಗೆಲ್ಲಾ ಹೇಳಿದ್ದರು.

"ಟೈಫಾಡೂ ಅಲ್ಲ, ಮಣ್ಣೂ ಅಲ್ಲ. ನಂಗ್ ತೋರ್ಸಿದ್ಲು. ಬಾಯ್ ಮುಚ್ಕೊಂಡಿರು, ಅಳಿಯನ ಮನೆಯೋರಿಗೆ ಗೊತ್ತಾದ್ರೆ ಬುಟ್ಬುಡ್ತಾರೆ ಅಂದ ನಿಮ್ಮಾವ. ಮುಚ್ಕೊಂಡಿದ್ದೆ." ಅಜ್ಜಿ ಮಡಿಲಿನ ಅವರೆಕಾಯಿ ಸಿಪ್ಪೆಯನ್ನು ನೆಲಕ್ಕೆ ಕೊಡವಿದರು. "ಇನ್ನು ಮುಚ್ಕೊಳ್ಳಾಕಿಲ್ಲ. ನೀನು ಓಗು. ಯಾರ್ನೂ ಕೇಳ್ಬ್ಯಾಡ. ಬಸ್ಸಿಗೆ ಯಾವ್ ಗೌಡನ ಅಪ್ಪಣೆನೂ ಬೇಕಿಲ್ಲ."

ಮಾರನೆಯ ಬೆಳಿಗ್ಗೆ ಎರಡು ಸೀರೆ, ಟವೆಲ್ಲು, ವರದಿಗಳ ಕವರು ಬ್ಯಾಗಿಗೆ ಹಾಕಿಕೊಂಡು ಮಂಡ್ಯದ ಆಸ್ಪತ್ರೆಗೆ ಹೊರಟೆ. ಗಂಡ ಬಾಗಿಲಲ್ಲಿ ನಿಂತಿದ್ದರು. "ಅಣ್ಣ ಏನನ್ಕೋತಾನೆ?" ಅಂದರು.

"ನಾನು ಸತ್ತರೆ ನೀವೇನಂದ್ಕೋತೀರಾ?" ಅಂತ ಕೇಳಿದೆ. ಕೇಳಿದವಳೇ ರಸ್ತೆಗಿಳಿದೆ.

ಮದ್ದೂರಿನಲ್ಲಿ ನನ್ನ ತಮ್ಮನ ಹೆಂಡತಿ ಗೀತಾ ಬಸ್ಸು ಹತ್ತಿದಳು. ಫೋನಿನಲ್ಲಿ ಎಲ್ಲ ಹೇಳಿದ್ದೆ. ಅವಳು ಅಳಲಿಲ್ಲ, ಸಮಾಧಾನದ ಮಾತಾಡಲಿಲ್ಲ. ಪಕ್ಕದಲ್ಲಿ ಕೂತು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದಷ್ಟು ಹೊತ್ತೂ ಟ್ರ್ಯಾಕ್ಟರಿನವರಿಗೆ ಬಾಯಿತುಂಬಾ ಬೈದಳು. ಆ ಬೈಗುಳದಷ್ಟು ಹಿತವಾದ ಮಾತನ್ನು ನಾನು ಆ ವಾರದಲ್ಲಿ ಕೇಳಿರಲಿಲ್ಲ.

ಆಪರೇಷನ್ ಆಯಿತು. ಎಡಗಡೆಯದನ್ನು ತೆಗೆದರು. ಎಚ್ಚರವಾದಾಗ ಮೊದಲು ಕಂಡದ್ದು ಗಂಡನ ಮುಖ. ಗೀತಾಳೇ ಅವರಿಗೆ ಫೋನ್ ಮಾಡಿ, "ಅಣ್ಣ, ಈಗ ಬರದಿದ್ರೆ ಆಮೇಲೆ ಬರಲೇಬೇಡಿ" ಅಂದಿದ್ದಳಂತೆ. ಅವರು ಮಂಚದ ಪಕ್ಕ ಕೂತು ಮಗುವಿನ ಹಾಗೆ ಅತ್ತರು. ನನಗೆ ಅಳು ಬರಲಿಲ್ಲ. ಕೈ ಎತ್ತಲು ಆಗುತ್ತಿರಲಿಲ್ಲ. ಪಕ್ಕೆಯಲ್ಲಿ ಒಂದು ಕೊಳವೆ ಹಾಕಿ, ಅದರ ತುದಿಗೆ ಒಂದು ಡಬ್ಬಿ ಕಟ್ಟಿದ್ದರು. ಅದರೊಳಗೆ ಕೆಂಪುನೀರು ಇಳಿಯುತ್ತಿತ್ತು. ಮನೆಗೆ ಬಂದ ಮೇಲೂ ಅದು ಕೆಲವು ದಿನ ಇತ್ತು. ದಿನಾ ಅದನ್ನು ಖಾಲಿ ಮಾಡಿ ತೊಳೆದವರು ನನ್ನ ಗಂಡ. ಒಂದು ದಿನವೂ ಮುಖ ಕಿವುಚಲಿಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಡಬ್ಬಿ ತೊಳೆದು ಬಂದು ಅದೇ ಕೈಯಲ್ಲಿ ಫೋನೆತ್ತಿ, "ಅವಳಿಗೆ ಸ್ವಲ್ಪ ಬೆನ್ನುನೋವು, ರಜೆ ಹಾಕಿದ್ದಾಳೆ" ಅಂತ ನೆಂಟರಿಗೆ ಹೇಳುತ್ತಿದ್ದರು. ಅದನ್ನೂ ಹೇಳದಿದ್ದರೆ ಅನ್ಯಾಯ. ನನ್ನ ಕಣ್ಣೆದುರೇ ನನ್ನ ಕಾಯಿಲೆ ಇಲ್ಲವಾಗುತ್ತಿತ್ತು. ಸಾಂಬ್ರಾಣಿ ಒಂದು ಹಾಕಿರಲಿಲ್ಲ, ಅಷ್ಟೇ.

ಆಮೇಲೆ ಕೀಮೋ. ಅದರ ವಿವರ ಬೇಡ, ಅನುಭವಿಸಿದವರಿಗೆ ಗೊತ್ತು, ಉಳಿದವರಿಗೆ ಹೇಳಿ ಹೆದರಿಸುವ ಆಸೆ ನನಗಿಲ್ಲ. ನೀರಿಗೂ ತಗಡಿನ ರುಚಿ ಬರುತ್ತಿತ್ತು ಅಂದರೆ ಸಾಕು. ಆ ವಾರ್ಡಿನಲ್ಲಿ ನನಗೆ ಸಿಕ್ಕ ಗೆಳತಿ ಬಸರಾಳಿನ ಜಯಮ್ಮ. ಪಕ್ಕದ ಮಂಚದವಳು, ಬಾಯಿ ಜೋರು. ಅವಳ ಗಂಡ ಊರಲ್ಲೆಲ್ಲಾ ಗ್ಯಾಸ್ಟ್ರಿಕ್ ಅಂತ ಹೇಳಿಕೊಂಡು ಬಂದಿದ್ದನಂತೆ.

"ಗ್ಯಾಸ್ಟ್ರಿಕ್‌ಗೆ ಯಾವಳ ತಲೆ ಬೋಳಾಯ್ತದೆ ಮೇಡಂ, ನೀವೇ ಯೋಳಿ" ಅಂತ ನಗುತ್ತಿದ್ದಳು. "ಮೊನ್ನೆ ನಮ್ಮತ್ತೆ, ಮುಡಿ ಕೊಟ್ಬಂದವ್ಳೆ ಅಂತ ಬೀದಿಗೆಲ್ಲಾ ಸಾರವ್ರೆ. ಈಗ ಊರೋರೆಲ್ಲಾ ಬಂದು ಪ್ರಸಾದ ಕೊಡು ಅಂತವ್ರೆ!"

ನಾವಿಬ್ಬರೂ ಸೂಜಿ ಚುಚ್ಚಿದ ಕೈ ಅಲುಗದ ಹಾಗೆ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನರ್ಸ್ ಬಂದು ಗದರಿದಳು.

ಒಂದು ದಿನ ಡಾಕ್ಟರಿಗೆ ಕೆಂಪಮ್ಮನ ಕಥೆ, ಸರೋಜತ್ತೆಯ ಕಥೆ ಹೇಳಿದೆ. ಮನಸ್ಸು ಹಗುರ ಮಾಡಿಕೊಳ್ಳಲು ಹೇಳಿದ್ದು. ಆಕೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ನೀವು ಸೊಸೆ. ನಿಮಗೂ ಅವರಿಗೂ ರಕ್ತಸಂಬಂಧವಿಲ್ಲ. ಆದರೆ ಸರೋಜ ಕೆಂಪಮ್ಮನ ವಂಶದವರೇ, ಇಬ್ಬರದೂ ಒಂದೇ ರಕ್ತ. ಈಗ ಆ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರಾ?"

ಚಂದನಾ ಇದ್ದಳು.

ಗಾಬರಿ ಬೀಳುವುದೇನಿಲ್ಲ, ಒಂದು ಸಲ ಬಂದು ತೋರಿಸಿಕೊಳ್ಳಲಿ ಅಂದರು ಡಾಕ್ಟರು. ನಾನು ನೇರವಾಗಿ ಬಾವನಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ನಿನ್ನ ದರಿದ್ರಾನ ನನ್ ಮಗಳ ತಲೆಗೆ ಕಟ್ಬ್ಯಾಡ! ನಮ್ಮ ವಂಸದಲ್ಲಿ ಅಂಥಾದ್ದಿಲ್ಲ. ಇನ್ನೊಂದ್ ಸಲ ಈ ಮಾತೆತ್ತುದ್ರೆ ಸರ್ಯಾಗಿರಾಕಿಲ್ಲ." ಪಟದಲ್ಲಿದ್ದ ಪೇಟದ ಮನುಷ್ಯ ಅವರ ತಲೆಯ ಹಿಂದೆಯೇ ಇದ್ದ. ಮೂಗು ಇಬ್ಬರದೂ ಒಂದೇ ಅನ್ನುವುದನ್ನು ನಾನು ಮೊದಲ ಸಲ ಗಮನಿಸಿದ್ದು ಆವತ್ತು.

ಪ್ರತಿಮೆಯ ದಿನ ಬಂತು. ನೀನು ಬರುವುದು ಬೇಡ ಅಂತ ಬಾವ ಹೇಳಿಕಳಿಸಿದರು. ಬಂದೇ ಬರುತ್ತೇನೆ ಅಂದರೆ ಸುಳ್ಳುಕೂದಲಿನ ಟೋಪನ್ ಹಾಕಿಕೊಂಡು ಬರಲಿ, ಹೆಂಗಸರ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಲಿ ಅಂತಲೂ ಸೇರಿಸಿದ್ದರು. ಗಂಡ ಟೋಪನ್ ತಂದೂ ಇಟ್ಟಿದ್ದರು. ನಾನು ನಾಗಂದಿಗೆಯ ಮೇಲಿಂದ ಮದುವೆಯ ರೇಷ್ಮೆ ಸೀರೆ ತೆಗೆದು ಉಟ್ಟೆ. ತಲೆಗೆ ಏನೂ ಹಾಕಲಿಲ್ಲ. ಗಂಡ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಿಸಿಲಿದೆ, ಛತ್ರಿ ತಗೋ" ಅಂದರು. ಆ ಮನುಷ್ಯನಿಂದ ಅಷ್ಟೇ ಬಂದದ್ದು. ಅದೂ ಬಂತಲ್ಲ.

ವೇದಿಕೆಯ ಮೇಲೆ ಭಾಷಣಗಳಾದವು. ಒಬ್ಬರು ಪ್ರತಿನಿಧಿಗೌಡರ ಪತ್ನೀಪ್ರೇಮವನ್ನು ಹೊಗಳಿ ಹೊಗಳಿ ಕಣ್ಣೊರೆಸಿಕೊಂಡರು. ಮಡಿದ ಮಡದಿಗಾಗಿ ಆಸ್ಪತ್ರೆ ಬೇಡಿದ ಮಹಾನುಭಾವ ಅಂದರು. ಚಪ್ಪಾಳೆ ಬಿತ್ತು. ಮನೆಯ ಹಿರಿಯರೆಂದು ಪುಟ್ಟಜ್ಜಿಯ ಕೈಯಲ್ಲಿ ಮಾಲೆ ಹಾಕಿಸುವುದಿತ್ತು. ಕಣ್ಣು ಕಾಣದ್ದರಿಂದ ಅವರನ್ನು ಮೆಟ್ಟಿಲು ಹತ್ತಿಸಲು ಒಬ್ಬರು ಬೇಕಿತ್ತು. ಅಜ್ಜಿ, "ಸವಿತಾ ಎಲ್ಲವ್ಳೆ?" ಅಂತ ಕೂಗಿದರು. ನಾನು ಹಿಂದಿನ ಸಾಲಿನಿಂದ ಎದ್ದು ಬಂದೆ. ನನ್ನ ಬೋಳುತಲೆ ಕಂಡು ಇಡೀ ಸಭೆ ಗುಸುಗುಸು ಅಂದಿತು. ಬಾವ ನೆಲ ನೋಡಿದರು.

ಮಾಲೆ ಹಾಕಿದ ಮೇಲೆ ನಿರೂಪಕ, ಅಜ್ಜಿ ಎರಡು ಆಶೀರ್ವಾದದ ಮಾತು ಹೇಳಬೇಕು ಅಂತ ಮೈಕು ಹಿಡಿದ. ಅಜ್ಜಿ ಅದನ್ನು ತಡವಿ ನನ್ನ ಕಡೆ ತಳ್ಳಿದರು. "ನಂಗೆ ಉಸ್ರಿಲ್ಲ. ನಾ ಯೋಳುದ್ದ ಇವ್ಳು ಯೋಳ್ತಾಳೆ."

ಮೈಕು ಹಿಡಿದುಕೊಂಡೆ. ಹೇಳಿದೆ: "ಗೌಡರು ಆಸ್ಪತ್ರೆ ಕೇಳಿದ ದಿನ ಅವರ ಹೆಂಡತಿ ಬದುಕಿದ್ದರು. ಅವರ ಹೆಸರು ಕೆಂಪಮ್ಮ. ಅವರಿಗೆ ನನಗಾದ ಕಾಯಿಲೆಯೇ ಆಗಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ ಅಂತ ಬೇಡಿಕೊಂಡರು..."

ಮೈಕು ನಿಂತಿತು. ಯಾರು ನಿಲ್ಲಿಸಿದರೆಂದು ನಾನು ತಿರುಗಿ ನೋಡಲಿಲ್ಲ. ಹಿಂದಿನ ಬೆಂಚಿನವರಿಗೂ ಕೇಳುವ ಹಾಗೆ ಪಾಠ ಮಾಡಿ ಅಭ್ಯಾಸವಾದ ಗಂಟಲು ನನ್ನದು. ಮೈಕಿಲ್ಲದೆಯೇ ಮುಗಿಸಿದೆ. ಗಾಡಿಯಲ್ಲಿ ಜಾಗ ಕೊಡಲಿಲ್ಲ ಅಂದೆ. ಕೊಟ್ಟಿಗೆಯ ಪಕ್ಕದ ಕೋಣೆ ಅಂದೆ. ತಮಟೆ ಕೇಳಿ ಆಕೆ ಆಡಿದ ಮಾತನ್ನು ಆಕೆ ಆಡಿದ ಹಾಗೆಯೇ ಹೇಳಿದೆ. ಚಪ್ಪಾಳೆಯೇನೂ ಬೀಳಲಿಲ್ಲ. ಹೆಂಗಸರ ಕಡೆಯಿಂದ ಒಬ್ಬಳು, "ಅಯ್ಯೋ ತಾಯಿ" ಅಂದದ್ದು ಮಾತ್ರ ಕೇಳಿತು.

ಅದರ ಬೆಲೆ ಸುಲಭದ್ದಾಗಿರಲಿಲ್ಲ. ಮಂಡ್ಯದ ಗಂಡಿನ ಕಡೆಯವರು ಸುಮ್ಮನಾದರು. ಸಂಬಂಧ ಮುರಿಯಿತು. ಬಾವನಿಗೆ ಟಿಕೆಟ್ಟಿನ ಮಾತೂ ತಣ್ಣಗಾಯಿತು. ಹಳ್ಳಿಯ ಮನೆಯ ಬಾಗಿಲು ನನಗೆ ಮುಚ್ಚಿತು. ಚಂದನಾ ಫೋನ್ ಮಾಡಿ, "ಚಿಕ್ಕಮ್ಮ, ಊರ ಮುಂದೆ ಹೇಳೋ ಮೊದಲು ನನ್ನ ಹತ್ರ ಒಂದು ಮಾತು ಆಡಬಹುದಿತ್ತಲ್ಲ?" ಅಂತ ಕೂಗಾಡಿ ಅತ್ತಳು. ಅವಳ ಸಿಟ್ಟು ನ್ಯಾಯವಾದದ್ದೇ. ನಾನು ಕೇಳಿಸಿಕೊಂಡೆ.

ಕೆಲವು ವಾರದ ಮೇಲೆ ಅವಳೇ ಮಳವಳ್ಳಿಗೆ ಬಂದಳು. ಚಪ್ಪಲಿ ಬಿಡುತ್ತಲೇ ಕೇಳಿದಳು: "ಸರೋಜಜ್ಜಿ ಸತ್ತಿದ್ದು ಯಾವುದರಿಂದ? ಮುತ್ತಜ್ಜಿ ನಿಮ್ಮನ್ನೇ ಕೇಳು ಅಂದ್ರು." ಹೇಳಿದೆ. ಡಾಕ್ಟರು ಅಂದದ್ದನ್ನೂ ಹೇಳಿದೆ. ಅವಳು ಸೋಫಾದ ತುದಿಯಲ್ಲಿ ಕೂತು ಉಗುರು ಕಚ್ಚಿದಳು. "ಅಪ್ಪಂಗೆ ಇದು ಗೊತ್ತಿತ್ತಾ?"

"ನಾನೇ ಹೇಳಿದ್ದೆ."

ಅವಳು ಅಲ್ಲಿಂದ ಮನೆಗೆ ಹೋಗಿ ಅಪ್ಪನಿಗೆ ಏನಂದಳೋ ನನಗೆ ಗೊತ್ತಿಲ್ಲ. ಆದರೆ ಮುಂದಿನ ವಾರ ಬಾವ ತಾವೇ ಕಾರು ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿ, ಹಾರನ್ ಮಾಡಿದರು. ಚಂದನಾ ಹಿಂದೆ ಕೂತಿದ್ದಳು, ನಾನು ಅವಳ ಪಕ್ಕ ಕೂತೆ. ಬಾವ ಮಂಡ್ಯದವರೆಗೂ ರಸ್ತೆಯ ಮೇಲೇ ಕಣ್ಣಿಟ್ಟು ಓಡಿಸಿದರು.

ಪರೀಕ್ಷೆಗಳಾದವು. ಸದ್ಯಕ್ಕೆ ಏನೂ ಇಲ್ಲ, ಆದರೆ ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಬೇಕು ಅಂದರು. ಹೊರಗೆ ಹಜಾರದಲ್ಲಿ ಬಾವ ಗಂಡಸರ ನಡುವೆ ಕೂತಿದ್ದರು. ಯಾರಾದರೂ ಗುರುತು ಹಿಡಿದಾರೆಂದು ಬಾಯಿಗೆ ಟವೆಲ್ಲು ಅಡ್ಡ ಹಿಡಿದಿದ್ದರು. ಆದರೂ ಒಬ್ಬ ಗುರುತು ಹಿಡಿದ. ಮಳವಳ್ಳಿ ಕಡೆಯ ರೈತ, ಬಾವನ ಜೊತೆ ಪ್ರಚಾರಕ್ಕೆ ಓಡಾಡಿದವನು. ಅವನ ಚಿಕ್ಕಪ್ಪನಿಗೆ ಹುಷಾರಿಲ್ಲದೆ ಬಂದಿದ್ದನಂತೆ.

"ಏನಣ್ಣ ಇಲ್ಲಿ? ಯಾರ್ಗ್ ಉಸಾರಿಲ್ಲ?"

ಬಾವ ಟವೆಲ್ಲು ಇಳಿಸಿದರು. "ಯಾರ್ಗೂ ಏನಿಲ್ಲ ಕಣ್ಲಾ. ಇವ್ರಿಗೆ ಒಸಿ ಕಾಲ್ನೋವು" ಅಂತ ನನ್ನ ಕಡೆ ಕೈ ತೋರಿಸಿದರು.

ನಾನು ಬಾಯಿ ತೆರೆಯುವ ಮೊದಲೇ ಚಂದನಾ ಹಜಾರಕ್ಕೆಲ್ಲಾ ಕೇಳುವ ಹಾಗೆ ಹೇಳಿದಳು: "ಕಾಲ್ನೋವಲ್ಲ ಅಂಕಲ್. ನನ್ನ ಎದೆ ಪರೀಕ್ಷೆ ಮಾಡಿಸೋಕೆ ಬಂದಿದ್ವಿ. ನಮ್ಮ ಮನೇಲಿ ಹಿಂದೆ ಇಬ್ಬರಿಗೆ ಕ್ಯಾನ್ಸರ್ ಆಗಿತ್ತು."

ಬೆಂಚುಗಳ ಮೇಲಿದ್ದ ತಲೆಗಳೆಲ್ಲಾ ತಿರುಗಿದವು. ಬಾವ ಏಳಲು ಹೋದರು, ಮತ್ತೆ ಕೂತರು. ಆ ರೈತ ಮಾತ್ರ ಅಲ್ಲೇ ನಿಂತಿದ್ದ. ತಲೆ ಕೆರೆದುಕೊಂಡ. ಆಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಮೇಡಂ, ನಮ್ಮನೇಲೂ ಅವ್ಳು... ಇಲ್ಲೊಂದ್ ಗಂಟೈತೆ ಅಂತಾಳೆ. ನಾನು ಸುಮ್ಕಿರು ಅಂದಿದ್ದೆ. ತೋರುಸ್ಬೇಕಾ?" ಅಂದ.

"ಅವರೆಲ್ಲಿದ್ದಾರೆ ಈಗ?"

"ಅಳ್ಳೀಲವ್ಳೆ."

"ಫೋನ್ ಮಾಡಿ" ಅಂದೆ. ನನ್ನ ದನಿ ಜೋರಾಗಿಯೇ ಇತ್ತು. "ಈಗಲೇ ಮಾಡಿ. ನನ್ನೆದುರಿಗೇ."

ಅವನು ಜೇಬಿನಿಂದ ಫೋನ್ ತೆಗೆದು ಗುಂಡಿ ಒತ್ತಿದ. ಹಳೆಯ ಫೋನು, ಆ ಕಡೆಯ ದನಿ ನಮಗೆಲ್ಲಾ ಕೇಳುತ್ತಿತ್ತು.

"ಲೇ, ನಾಳೆ ಬೆಳಿಗ್ಗೆ ರೆಡಿಯಾಗಿರು. ಮಂಡ್ಯಕ್ಕೋಗವ. ಆ ಗಂಟು ತೋರುಸ್ಬುಡವ."

ಆ ಕಡೆ ಹಿಂದೆಲ್ಲೋ ಎಮ್ಮೆಯೊಂದು ಕೂಗಿತು. ಆಮೇಲೆ ಒಬ್ಬ ಹೆಂಗಸಿನ ದನಿ, ಹಜಾರದ ಗೋಡೆಗೆ ಬಡಿಯುವಂತೆ:

"ಕಬ್ಬು ನಾಟಿ ಮಾಡ್ದಾಗಿಂದ ಬಾಯ್ ಬಡ್ಕೊಂಡೆ. ಇವತ್ತ್ ಕೇಳುಸ್ತಾ ನಿಂಗೆ?"